ಬದುವಿನ ಮೇಲಿನ ವೀರಗಲ್ಲು

"ಯಾರ್ರೀ ಅದು? ಹೇಳ್ದೆ ಕೇಳ್ದೆ ನಮ್ ಹೊಲ್ದಾಗೆ ಏನ್ ಫೋಟೋ ತೆಗೀತಿದ್ದೀರಾ?"

ಮಾಧವಿ ಬೆಚ್ಚಿ ತಿರುಗಿದಳು. ಹಿಂದೆ ಒಬ್ಬ ಯುವಕ ನಿಂತಿದ್ದ. ಫ್ಯಾಕ್ಟರಿ ಯೂನಿಫಾರ್ಮಿನ ಅಂಗಿ, ಮೊಣಕಾಲವರೆಗೆ ಕೆಸರು... ಕಣ್ಣಲ್ಲಿ ಮಾತ್ರ ಬೆಂಕಿ!

"ನಾನು ಹೊಸೂರಲ್ಲಿ ಹಿಸ್ಟರಿ ಟೀಚರ್. ಈ ಕಲ್ಲು..."

"ಇದಾ? ನಮ್ಮಜ್ಜಿ ಕಾಲದಿಂದ್ಲೂ ಇದರ ಮೇಲೆ ಕುಂತು ಮುದ್ದೆ ಉಣ್ತೀವಿ."

ಮಾಧವಿ ಬಾಟಲಿಯ ನೀರನ್ನು ಕಲ್ಲಿನ ಮೇಲೆ ಸುರಿದು ಅಂಗೈಯಿಂದ ಮೆಲ್ಲಗೆ ಉಜ್ಜಿದಳು. ಇಳಿಬಿಸಿಲು ಓರೆಯಾಗಿ ಬಿತ್ತು.

ಮಣ್ಣಿನೊಳಗಿಂದ ಒಬ್ಬ ಗಂಡಸಿನ ಮುಖ ಮೂಡಿತು! ಆಚೀಚೆ ಇಬ್ಬರು ದೇವಕನ್ಯೆಯರು ಅವನನ್ನು ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿದ್ದರು...

"ವೀರಗಲ್ಲು. ಸಾವಿರ ವರ್ಷದ ಹಿಂದೆ ಊರಿಗಾಗಿ ಪ್ರಾಣ ಕೊಟ್ಟವನು."

ಯುವಕ ಸರಕ್ಕನೆ ಮೆಟ್ಟು ಬಿಟ್ಟು ಕೈ ಮುಗಿದ. "ಅಯ್ಯೋ ಸ್ವಾಮಿ... ನಿನ್ ಮೇಲೆ ಕುಂತು ಉಂಡ್ವಲ್ಲ!"

ಆ ಕ್ಷಣವೇ ಮಾಧವಿಯ ಎದೆಯಲ್ಲಿ ಏನೋ ಕದಲಿತು.

ಅವನ ಹೆಸರು ತಿಮ್ಮರಾಜು. ಊರು, ಹೊಸೂರು ಕಡೆಯ ಬೇರಿಕೆಯ ಹತ್ತಿರದ ಹಳ್ಳಿ. ಅವಳು ಮೊಬೈಲಿನ ಆ್ಯಪ್ ತೋರಿಸಿದಳು. ಹಳೆಯ ಕಲ್ಲು, ಶಾಸನ ಏನೇ ಕಂಡರೂ ಫೋಟೋ ತೆಗೆದು ಜಾಗದ ಗುರುತಿನೊಂದಿಗೆ ಸೇರಿಸಿದರೆ, ತಿಳಿದವರು ನೋಡಿ ದಾಖಲಿಸುತ್ತಾರೆ.

"ಆಮೇಲೆ ಗೌರ್ಮೆಂಟೋರು ಬಂದು ಹೊಲಕ್ಕೆ ಬೇಲಿ ಹಾಕ್ಬುಟ್ರೆ?"

"ಇಲ್ಲ, ಹೊಲ ನಿಮ್ದೇ ಇರುತ್ತೆ. ನಂಬಿ."

ಅವನು ನಂಬಿದ. ಅವಳು ಕಲ್ಲಿನ ಫೋಟೋವನ್ನು ಆ್ಯಪಿಗೆ ಸೇರಿಸಿದಳು. ತನ್ನ ಫೋನಿಗೂ ಆ್ಯಪ್ ಹಾಕಿಸಿಕೊಂಡ. ಮುಂದಿನ ಮೂರು ಭಾನುವಾರ ಇಬ್ಬರೂ ಕೆರೆ ಏರಿ, ಬೇಲಿ ಸಾಲು, ಪಾಳು ಗುಡಿಗಳ ಸುತ್ತ ಅಲೆದರು. ಪ್ರತಿ ಕಲ್ಲಿನ ಮುಂದೆಯೂ ಅವನ ಕಣ್ಣು ಅರಳುವುದನ್ನೇ ಮಾಧವಿ ಕದ್ದು ನೋಡುತ್ತಿದ್ದಳು.

ನಾಲ್ಕನೆಯ ಭಾನುವಾರ ಬಂದಾಗ... ಕಲ್ಲಿರಲಿಲ್ಲ!

ಬದುವಿನಲ್ಲಿ ದೊಡ್ಡ ಗುಂಡಿ. ಸುತ್ತ ಜೆಸಿಬಿಯ ಗುರುತು. ಪಕ್ಕದಲ್ಲಿ ತಿಮ್ಮರಾಜು ನಿಂತಿದ್ದ.

"ಹೊಲ ಹೋಗುತ್ತೆ ಅಂತ ಕೀಳಿಸಿಬಿಟ್ರಾ? ನಿಮ್ಮನ್ನ ನಂಬಿದ್ದೆನಲ್ಲ, ತಿಮ್ಮರಾಜು!"

ಅವನ ಮುಖ ಕಪ್ಪಿಟ್ಟಿತು. ಕೈಯನ್ನು ಬೆನ್ನ ಹಿಂದೆ ಸರಿಸಿಕೊಂಡ. "ನಿಮ್ಗೆ ಹಂಗನ್ಸಿದ್ರೆ ಹಂಗೇ ಇರ್ಲಿ, ಮೇಡಂ." ಅಷ್ಟೇ ಹೇಳಿ ಹೊರಟುಹೋದ.

ಕಣ್ಣೊರೆಸಿಕೊಳ್ಳುತ್ತಾ ಸ್ಕೂಟರ್ ಹತ್ತಿರ ಬಂದವಳನ್ನು ಅವನ ತಾಯಿ ರಾಮಲಕ್ಷ್ಮಮ್ಮ ತಡೆದರು.

"ಬೈಬ್ಯಾಡ ಕಣಮ್ಮ ಅವನ್ನ. ರೋಡ್ ಅಗಲ ಮಾಡೋರ ಜೆಸಿಬಿ ಬಂದಿತ್ತು. ನನ್ ಮಗ ಅಡ್ಡ ನಿಂತ್ಬುಟ್ಟ! ಫೋನಾಗೆ ನೀನು ಹಾಕಿದ್ದ ಫೋಟೋ ತೋರ್ಸಿ, 'ಇದು ಲೆಕ್ಕದಾಗೈತೆ, ಮುಟ್ಬ್ಯಾಡಿ' ಅಂದ. ಹಳೇ ಕಲ್ಲು ನೋಡ್ಕೊಳ್ಳೋ ಗೌರ್ಮೆಂಟ್ ಆಫೀಸರ್‌ಗೆ ಫೋನ್ ಮಾಡಿ, ಅವರು ಹೇಳ್ದಂಗೇ ಊರೋರ ಜೊತೆ ಹಗ್ಗ ಕಟ್ಟಿ ಗುಡಿ ತಾವ ತಂದವ್ನೆ. ಕೈ ಜಜ್ಜೋಗೈತೆ... ನೋಡ್ಲಿಲ್ವಾ?"

ಮಾಧವಿ ಓಡಿದಳು.

ಗುಡಿಯ ಮುಂದಿನ ಹೊಂಗೆ ಮರದಡಿ ವೀರಗಲ್ಲು ಆಳೆತ್ತರ ನಿಂತಿತ್ತು! ಇಷ್ಟು ದಿನ ಮಣ್ಣಲ್ಲಿ ಹೂತಿದ್ದ ಭಾಗವನ್ನು ತಿಮ್ಮರಾಜು ಒಂದೇ ಕೈಯಲ್ಲಿ ತೊಳೆಯುತ್ತಿದ್ದ. ಇನ್ನೊಂದಕ್ಕೆ ಬಟ್ಟೆ ಸುತ್ತಿತ್ತು. ಕಲ್ಲಿನಲ್ಲಿ ಓಡುವ ಹಸುಗಳು, ತೂರಿಬರುವ ಬಾಣಗಳು, ಒಬ್ಬನೇ ಎದುರು ನಿಂತ ವೀರ... ಅದರ ಕೆಳಗೆ, ಅಕ್ಷರಗಳು!

ಅವಳು ಮಂಡಿಯೂರಿದಳು. ಅಕ್ಷರಗಳ ಮೇಲೆ ಬೆರಳಾಡಿಸುತ್ತಾ ಓದಿದಳು.

"ಮಾಚಂ... ತುಱುವಂ ಮಗುಳ್ಚಿ... ಸತ್ತಂ."

"ಹಂಗಂದ್ರೆ?"

"ಮಾಚ ಅಂತ ಅವನ ಹೆಸರು. ಕಳ್ಳರು ಹೊಡೆದುಕೊಂಡು ಹೋದ ಊರಿನ ದನಗಳನ್ನ ಬಿಡಿಸಿ ತಂದು ಸತ್ತ."

ಯಾರೂ ಕರೆಯದೆ ಎಷ್ಟೋ ತಲೆಮಾರು ಮಣ್ಣಲ್ಲಿ ಮಲಗಿದ್ದ ಹೆಸರು!

ಮಾಧವಿ ಅವನ ಗಾಯದ ಕೈಯನ್ನು ತನ್ನೆರಡೂ ಕೈಗಳಲ್ಲಿ ತೆಗೆದುಕೊಂಡಳು.

"ಯಾಕೆ ಹೇಳ್ಲಿಲ್ಲ?"

"ನೀವೆಲ್ಲಿ ಕೇಳಿದ್ರಿ? ಬೈದ್ರಿ."

"ತಪ್ಪಾಯ್ತು... ಅಷ್ಟು ಸಿಟ್ಟು ಬಂದಿದ್ದು ಕಲ್ಲಿಗಲ್ಲ. ನೀವು ಅಂಥವರಲ್ಲ ಅಂತ ಅಂದ್ಕೊಂಡಿದ್ದೆ, ಅದಕ್ಕೆ. ನಾನು ವಾರ ವಾರ ಬರ್ತಿದ್ದದ್ದು ಬರೀ ಕಲ್ಲು ನೋಡೋಕೆ ಅಂದ್ಕೊಂಡ್ರಾ?"

ತಿಮ್ಮರಾಜು ತಲೆ ತಗ್ಗಿಸಿದ. "ನಾನೂವೆ ಶಿಫ್ಟ್ ಬದ್ಲಾಯಿಸ್ಕೊಂಡು ಕಾಯ್ತಿದ್ದುದು ಕಲ್ಲಿಗಲ್ಲ, ಮೇಡಂ..."

"ಮೇಡಂ ಅನ್ಬೇಡಿ."

"ಮತ್ತೇನನ್ಲಿ?"

"ನನಗೂ ಒಂದು ಹೆಸರಿದೆ."

ಅವನು ಕಲ್ಲಿನ ಅಕ್ಷರಗಳತ್ತ ಒಮ್ಮೆ ನೋಡಿದ. ಆಮೇಲೆ, ಮುಟ್ಟಿದರೆ ಎಲ್ಲಿ ಸವೆದೀತೋ ಎಂಬಂತೆ, ಮೆಲ್ಲಗೆ ಅಂದ:

"ಮಾಧವಿ..."

"ಇನ್ನೊಂದ್ಸಲ," ಎಂದಳು ಅವಳು.