ಚಟವಿಲ್ಲದವನ ಚಿಕಿತ್ಸೆ

ಭಾವಮೈದುನನ ಮನೆಗೆ ಬಟ್ಟೆ ಒಗೆಯುವ ಮೆಷಿನ್ ಬಂದ ದಿನ ಟಿಕೆಟ್ ತಪಾಸಕ ಹದ್ದಿಗೆ ಊಟ ಸೇರಲಿಲ್ಲ. ಮೆಷಿನ್ ಕೊಂಡದ್ದಲ್ಲ, ಬಹುಮಾನವಾಗಿ ಬಂದದ್ದು. ಆರು ವರ್ಷ ಹೆರಾಯಿನ್ ಚುಚ್ಚಿಕೊಂಡು, ಅಕ್ಕನ ಬಳೆ ಮಾರಿ, ಎರಡು ಸಲ ಸಾವಿನ ದವಡೆಯಿಂದ ಪಾರಾಗಿ ಬಂದವನು ಕೊನೆಗೂ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿದ್ದ. ಅಲ್ಲಿ ಹೊಸ ಪದ್ಧತಿ. ವಾರಕ್ಕೊಮ್ಮೆ ಮೂತ್ರ ಪರೀಕ್ಷೆ. ಮಾದಕವಸ್ತು ಕಾಣದಿದ್ದರೆ ಗಾಜಿನ ಬೋಗುಣಿಯಿಂದ ಚೀಟಿ ಎತ್ತಬಹುದು. ಮೊದಲ ವಾರ ಒಂದು, ಎರಡನೆಯ ವಾರ ಎರಡು, ಹೀಗೆ ಹನ್ನೆರಡರವರೆಗೆ. ನಡುವೆ ಜಾರಿದರೆ ಮತ್ತೆ ಒಂದರಿಂದ ಶುರು. ಹೆಚ್ಚಿನ ಚೀಟಿಗಳಲ್ಲಿ ‘ಶಭಾಷ್’ ಎಂದಷ್ಟೇ ಇರುತ್ತದೆ, ಕೆಲವುಗಳಲ್ಲಿ ಸೋಪು, ಟವೆಲ್ಲು, ಕೊಡೆ. ಎಲ್ಲೋ ಒಂದರಲ್ಲಿ ದೊಡ್ಡ ಬಹುಮಾನ.

“ಬಿಟ್ಟಿದ್ದಕ್ಕೆ ಬಹುಮಾನವಂತೆ!” ಎಂದು ಹದ್ದು ಹೆಂಡತಿಯ ಮೇಲೆ ಹರಿಹಾಯ್ದ. “ನಲವತ್ತಾರು ವರ್ಷದಿಂದ ನಾನು ಮುಟ್ಟೇ ಇಲ್ಲ. ನನಗೆ ಯಾರು ಏನು ಕೊಟ್ರು?”

“ನಿಮಗೆ ಬಿಡೋಕೆ ಏನಿತ್ತು ರೀ?” ಎಂದವಳು ಚಪ್ಪಲಿ ಮೆಟ್ಟಿಕೊಂಡು ತಮ್ಮನ ಮೆಷಿನ್ ನೋಡಲು ಹೊರಟೇಬಿಟ್ಟಳು.

ಹದ್ದು ಎಂಬುದು ಕಂಡಕ್ಟರುಗಳು ಇಟ್ಟ ಹೆಸರು. ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಅವನ ಕೆಲಸ. ಇಪ್ಪತ್ತೆರಡು ವರ್ಷದಲ್ಲಿ ಸುಳ್ಳುಗಾರರ ಸಕಲ ಜಾತಿಯನ್ನೂ ಕಂಡಿದ್ದ: ನಿನ್ನೆಯ ಟಿಕೆಟ್ ಮಡಚಿ ತೋರಿಸುವವರು, ನಿದ್ದೆ ನಟಿಸುವವರು, ಗಂಡ ಹಿಂದಿನ ಸೀಟಿನಲ್ಲಿದ್ದಾನೆ ಎನ್ನುವ ಅವಿವಾಹಿತೆಯರು. ಸುಳ್ಳನ್ನು ದಿನವೂ ಹೇಳುವುದರಿಂದಲೇ ಇವರೆಲ್ಲ ಸಿಕ್ಕಿಬೀಳುತ್ತಾರೆ ಎಂಬುದು ಅವನ ಸಿದ್ಧಾಂತ. ತಾನೂ ಆ ಬಹುಮಾನ ಗಿಟ್ಟಿಸುವ ಅವನ ಯೋಜನೆಗೆ ಸುಳ್ಳು ಬೇಕಿದ್ದುದು ಮೊದಲ ದಿನ ಮಾತ್ರ. ಚಟವಿದೆಯೆಂದು ಒಮ್ಮೆ ದಾಖಲಾದರೆ ಸಾಕು, ಆಮೇಲೆ ಪ್ರತಿ ವಾರ ಕೊಡುವುದು ತನ್ನದೇ ಮೂತ್ರ, ಅಪ್ಪಟ ಪ್ರಾಮಾಣಿಕ ಮೂತ್ರ. ಎಂಥ ವಿಜ್ಞಾನಿ ಭೂತಗನ್ನಡಿ ಹಿಡಿದು ಹುಡುಕಿದರೂ ಅದರಲ್ಲಿ ಏನೂ ಸಿಗುವುದಿಲ್ಲ. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ, ನಿಜ. ಆದರೆ ಸಿಕ್ಕಿಬೀಳುವ ಪ್ರಶ್ನೆಯೇ ಇರಲಿಲ್ಲ.

ಇದೇ ಪದ್ಧತಿಯಿದ್ದ, ಊರಿನ ಇನ್ನೊಂದು ತುದಿಯ ಕೇಂದ್ರವನ್ನು ಆರಿಸಿಕೊಂಡ. ಅಲ್ಲಿ ಭಾವಮೈದುನನ ಗುರುತಿನವರು ಯಾರೂ ಇರಲಿಲ್ಲ. ಮೊದಲ ದಿನಕ್ಕೆ ಬೇಕಾದ ಸರಕು ಕೊನೆಯ ಸೀಟಿನಲ್ಲಿ ಟಿಕೆಟ್ ಇಲ್ಲದೆ ತೂಕಡಿಸುತ್ತಿದ್ದವನಿಂದ ಸಿಕ್ಕಿತು. ಅವನ ತೋಳಿನ ಸೂಜಿಗಾಯಗಳನ್ನು ನೋಡಿದ ಕೂಡಲೇ ಹದ್ದು ಅವನನ್ನು ಬಸ್ಸಿನಿಂದ ಇಳಿಸಿ, ಒಂದು ಪುಟ್ಟ ಬಾಟಲಿ ಕೊಟ್ಟು ಸಾರ್ವಜನಿಕ ಶೌಚಾಲಯ ತೋರಿಸಿದ.

“ದಂಡ ಕಟ್ತೀಯೋ, ಇದನ್ನ ತುಂಬಿಸ್ತೀಯೋ?”

ಆತ ಬಾಟಲಿಯನ್ನೂ ಸಮವಸ್ತ್ರವನ್ನೂ ನೋಡಿದ. “ಸಾರ್, ನಿಮ್ಮ ಇಲಾಖೆ ಪರಿಸ್ಥಿತಿ ಇಷ್ಟು ಕೆಟ್ಟೋಯ್ತಾ?” ಎಂದು ಮರುಕದಿಂದ ಕೇಳಿ ಒಳಗೆ ಹೋದ.

ಉಳಿದದ್ದನ್ನೆಲ್ಲ ಹದ್ದು ಭಾವಮೈದುನನಿಂದಲೇ ಕಲಿತ. ಭಾವನಿಗೆ ತನ್ನ ಮೇಲೆ ಈಗಲಾದರೂ ಕಾಳಜಿ ಹುಟ್ಟಿತಲ್ಲ ಎಂದು ಆ ಬಡಪಾಯಿ ಕಣ್ಣೊರೆಸಿಕೊಂಡು ಎಲ್ಲ ಹೇಳಿದ. ಮೂಗು ಸೋರುವುದು, ಆಕಳಿಕೆ, ಮೈಯೆಲ್ಲ ನೋವು, ಕೂತಲ್ಲಿ ಕೂರಲಾಗದ ಚಡಪಡಿಕೆ. “ಭಾವ, ಶತ್ರುಗೂ ಬೇಡ ಅದು,” ಎಂದ. ಹದ್ದು ಮನಸ್ಸಿನಲ್ಲೇ ಗುರುತು ಹಾಕಿಕೊಂಡ.

ದಾಖಲಾಗುವ ದಿನ ಬಾಟಲಿಯನ್ನು ಕಂಕುಳಲ್ಲಿ ಬೆಚ್ಚಗಿಟ್ಟುಕೊಂಡು, ಕರ್ಚೀಫಿಗೆ ಈರುಳ್ಳಿ ಉಜ್ಜಿಕೊಂಡು ಹೋದ. ಮೂಗು ಕಣ್ಣು ಎರಡೂ ಹರಿದವು. ಆಪ್ತಸಲಹೆಗಾರ್ತಿ ಅವನ ಮುಂದೆ ನೀರಿನ ಲೋಟ ಇಟ್ಟು, “ಬಂದ್ರಲ್ಲ, ಅದೇ ದೊಡ್ಡದು,” ಎಂದಳು. ವರದಿಯಲ್ಲಿ ಹೆರಾಯಿನ್ ಇದೆಯೆಂದು ಬಂತು. ಹದ್ದು ಗೆದ್ದವನಂತೆ ತಲೆತಗ್ಗಿಸಿದ.

ತೊಡಕಿದ್ದುದು ಒಂದೇ. ದಿನಾ ಬೆಳಿಗ್ಗೆ ಕೇಂದ್ರಕ್ಕೆ ಹೋಗಿ ನರ್ಸಿನ ಎದುರಿಗೇ ಒಂದು ಬಿಳಿ ಮಾತ್ರೆಯನ್ನು ನಾಲಿಗೆಯ ಕೆಳಗಿಟ್ಟು ಕರಗಿಸಬೇಕಿತ್ತು. ಚಟ ಬಿಟ್ಟವರ ಚಡಪಡಿಕೆಯನ್ನು ಅದು ತಡೆಯುತ್ತದೆ. ಚಟವೇ ಇಲ್ಲದವನು ಅದನ್ನು ತಿಂದು ಆರೋಗ್ಯ ಕೆಡಿಸಿಕೊಳ್ಳುವುದೇಕೆ? ಹದ್ದು ಅಷ್ಟೇ ಗಾತ್ರದ ಪೆಪ್ಪರ್‌ಮಿಂಟ್ ಹುಡುಕಿ ತಂದು, ಅಂಗೈಯಲ್ಲಿ ಅದಲುಬದಲು ಮಾಡುವುದನ್ನು ಕನ್ನಡಿಯ ಮುಂದೆ ವಾರವಿಡೀ ಅಭ್ಯಾಸ ಮಾಡಿದ್ದ. ನರ್ಸ್ ಬಾಯಿ ತೆರೆಸಿ ನೋಡಿದಾಗ ಬಿಳಿಯದೊಂದು ಸದ್ದಿಲ್ಲದೆ ಕರಗುತ್ತಿರುತ್ತಿತ್ತು. ಹೊರಗೆ ಚಟದವರು ದುಡ್ಡು ಕೊಟ್ಟು ಕೊಳ್ಳುವ ನಿಜವಾದ ಮಾತ್ರೆಯನ್ನು ಅವನು ಮಾರಲಿಲ್ಲ, ಮನೆಗೂ ಒಯ್ಯಲಿಲ್ಲ, ಒಂದೂ ಬಿಡದೆ ಕೇಂದ್ರದ ಶೌಚಾಲಯದಲ್ಲೇ ನೀರು ಬಿಟ್ಟು ಕಳಿಸಿದ. ಅಂಥ ಹೊಲಸು ದಂಧೆಗೆ ಇಳಿಯುವ ಮನುಷ್ಯನಲ್ಲ ತಾನು ಎಂಬ ಹೆಮ್ಮೆ ಅವನಿಗಿತ್ತು.

ವಾರಗಳು ಉರುಳಿದವು. ಪರೀಕ್ಷೆಯ ಪಟ್ಟಿ ಅದ್ದಿದಾಗಲೆಲ್ಲ ಮಾದಕವಸ್ತು ಇಲ್ಲ ಎಂದೇ ಬಂತು. ಸೋಪು ಬಂತು, ಕೊಡೆ ಬಂತು, ರಾಶಿ ಶಭಾಷ್‌ಗಳು ಬಂದವು. ಚೀಟಿ ಎತ್ತಿದಾಗೊಮ್ಮೆ ಸುತ್ತ ಕೂತವರು ಚಪ್ಪಾಳೆ ತಟ್ಟುತ್ತಿದ್ದರು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಹದ್ದಿಗೆ ಒಬ್ಬನೂ ಚಪ್ಪಾಳೆ ತಟ್ಟಿರಲಿಲ್ಲ. ಏಳನೆಯ ವಾರ ಅವನಿಗೆ ನಿಜವಾಗಿಯೂ ಕಣ್ಣು ತುಂಬಿತು. ಈರುಳ್ಳಿ ಇರಲಿಲ್ಲ. ಶಭಾಷ್ ಚೀಟಿಗಳನ್ನು ಅವನು ಪರ್ಸಿನಲ್ಲಿ ಮಡಚಿಟ್ಟುಕೊಂಡ.

ಹನ್ನೆರಡನೆಯ ವಾರ ಹನ್ನೊಂದು ಚೀಟಿಗಳಲ್ಲಿ ಬರೀ ‘ಶಭಾಷ್’ ಇತ್ತು. ಹನ್ನೆರಡನೆಯದರಲ್ಲಿ ‘ಫ್ರಿಜ್’ ಎಂದಿತ್ತು. ಎರಡು ಬಾಗಿಲಿನದು! ಆಫೀಸಿನ ಲಾಟರಿಯಲ್ಲಿ ಬಂತೆಂದು ಹೆಂಡತಿಗೆ ಹೇಳುವುದೆಂದೂ, ಭಾವಮೈದುನನನ್ನು ಕರೆದು ಅದರಿಂದಲೇ ತಣ್ಣೀರು ಕೊಡುವುದೆಂದೂ ಆಗಲೇ ತೀರ್ಮಾನವಾಗಿತ್ತು. ದೊಡ್ಡ ಬಹುಮಾನ ಕೊಡುವ ಮುನ್ನ ಮೂತ್ರವನ್ನು ದೊಡ್ಡ ಪ್ರಯೋಗಾಲಯಕ್ಕೆ ಕಳಿಸುತ್ತಾರೆ, ಮೂರು ದಿನ ಬಿಟ್ಟು ಬನ್ನಿ ಎಂದರು. ಧಾರಾಳವಾಗಿ ಕಳಿಸಿ ಎಂದ ಹದ್ದು.

ಮೂರನೆಯ ದಿನ ಫ್ರಿಜ್ ಒಯ್ಯಲು ಗಾಡಿ ಗೊತ್ತುಮಾಡಿಕೊಂಡೇ ಬಂದ. ಡಾಕ್ಟರ್ ಎದುರಿಗೆ ವರದಿ ಇತ್ತು, ಪಕ್ಕದಲ್ಲಿ ಆಪ್ತಸಲಹೆಗಾರ್ತಿ ಕೂತಿದ್ದಳು. “ಮಾದಕವಸ್ತು ಇಲ್ಲ, ಸಂತೋಷ,” ಎಂದರು ಡಾಕ್ಟರ್. “ಆದ್ರೆ ದೊಡ್ಡ ಪ್ರಯೋಗಾಲಯದಲ್ಲಿ ಇನ್ನೊಂದನ್ನೂ ನೋಡ್ತಾರೆ. ಚೆನ್ನಾಗಿರೋ ನಮ್ಮ ಪ್ರತಿಯೊಬ್ಬ ರೋಗಿಯ ಮೂತ್ರದಲ್ಲೂ ನಾವು ಕೊಡೋ ಮಾತ್ರೆಯ ಅಂಶ ಇದ್ದೇ ಇರುತ್ತೆ. ನಿಮ್ಮದರಲ್ಲಿ ಲವಲೇಶವೂ ಇಲ್ಲ. ಎಂಬತ್ತನಾಲ್ಕು ಮಾತ್ರೆ ಯಾರಿಗೆ ಮಾರಿದ್ರಿ?” ಎಂದು ಅವರು ಪೊಲೀಸರಿಗೆ ಫೋನ್ ಮಾಡಲು ರಿಸೀವರ್ ಎತ್ತಿದರು. ಮಾರಿಲ್ಲವೆಂದು ತೋರಿಸಲು ಹದ್ದಿನ ಬಳಿ ಒಂದು ಮಾತ್ರೆಯೂ ಉಳಿದಿರಲಿಲ್ಲ. ಮೂಗು ತಾನಾಗಿಯೇ ಸೋರಿತು, ಕೂತಲ್ಲಿ ಕೂರಲಾಗಲಿಲ್ಲ. ಕೊನೆಗೆ ಇದ್ದ ಒಂದೇ ಸತ್ಯವನ್ನು ಹೊರಗೆಡವಿದ: “ಸಾರ್, ತಾಯಾಣೆ, ನನಗೆ ಯಾವ ಚಟವೂ ಇಲ್ಲ!” ಆಪ್ತಸಲಹೆಗಾರ್ತಿ ಅವನ ಮೊದಲ ದಿನದ ವರದಿಯನ್ನು ತೆರೆದು ಮೇಜಿನ ಮೇಲಿಟ್ಟು, ನೀರಿನ ಲೋಟವನ್ನು ಅವನತ್ತ ಸರಿಸಿ, ಬಲು ಮೃದುವಾಗಿ ಹೇಳಿದಳು: “ಎಲ್ಲರೂ ಹಾಗೇ ಹೇಳ್ತಾರೆ.”