ಹೊಸ್ತಿಲು ಕಿತ್ತ ಮನೆ

"ಅಯ್ಯಯ್ಯ! ಹೊಸ್ತಿಲಾನೇ ಕಿತ್ತಾಕತ್ತಾರಲ್ರೀ!"

ಪಕ್ಕದ ಮನೆಯ ಬಸವಂತಮ್ಮ ಹೀಗೆ ಕೂಗಿದಾಗ ನಾನು ಜಡೆ ಹಾಕಿಕೊಳ್ಳುತ್ತಿದ್ದೆ. ಅರ್ಧ ಜಡೆಯಲ್ಲೇ ಮೂರನೆಯ ಅಂತಸ್ತಿನಿಂದ ಓಡಿ ಇಳಿದೆ. ನೋಡಿದರೆ ನಿಜ! ನೆಲ ಅಂತಸ್ತಿನ ಶರಣಯ್ಯನವರ ಬಾಗಿಲಲ್ಲಿ ಗೌಂಡಿ ಸತ್ತಾರ್ ಸಾಬ್ ಕೂತು ಹೊಸ್ತಿಲಿಗೆ ಸುತ್ತಿಗೆ ಹಾಕುತ್ತಿದ್ದಾರೆ. ದಿನಾ ಅರಿಷಿಣ ಕುಂಕುಮ ಹಚ್ಚುವ ಜಾಗವದು. ಅಪ್ಪಿತಪ್ಪಿ ತುಳಿದರೂ ಬೈಸಿಕೊಂಡು ಬೆಳೆದವರು ನಾವು.

"ತೆಲಿ ಕೆಟ್ಟದೇನ್ರೀ ನಿಮಗ?"

"ತೆಲಿ ನೆಟ್ಟಗದ ಟೀಚರ್. ನಿಮ್ಮ ಜಡಿನೇ ಅರ್ಧಕ್ಕ ನಿಂತದ," ಎಂದರು ಶರಣಯ್ಯ, ಕಣ್ಣಲ್ಲೇ ನಗುತ್ತ.

ಈ ಮನುಷ್ಯ ಹೀಗೇ. ಕಾಲುವೆ ಕೆಲಸದ ಓವರ್ಸಿಯರ್, ನಲವತ್ತಾದರೂ ಮದುವೆಯಿಲ್ಲ. ಮೂರು ವರ್ಷದಿಂದ ನನ್ನನ್ನು ನೋಡುತ್ತಾರೆ. ನಾನು ತಿರುಗಿ ನೋಡಿದರೆ ಮಾಳಿಗೆಯ ನೀರಿನ ಟ್ಯಾಂಕು ನೋಡುತ್ತಾರೆ. ನನಗೂ ಮೂವತ್ತಾರಾಯಿತು. ಆ ಟ್ಯಾಂಕಿನ ಮೇಲೆ ನನಗೆಷ್ಟು ಹೊಟ್ಟೆಕಿಚ್ಚೆಂದು ಯಾರಿಗೆ ಹೇಳಲಿ?

ಇನ್ನು ಆ ನೋಟವೂ ಇಲ್ಲ. ಸೊಂಟ ಮುರಿದುಕೊಂಡ ಅವ್ವ ಐದು ತಿಂಗಳಿಂದ ಮೆಟ್ಟಿಲು ಇಳಿದಿಲ್ಲ. ರಾಯಚೂರಿನ ಈ ಫ್ಲ್ಯಾಟುಗಳನ್ನು ಕಟ್ಟಿದ ಪುಣ್ಯಾತ್ಮರಿಗೆ, ಜನಕ್ಕೆ ವಯಸ್ಸಾಗುತ್ತದೆ ಎಂಬುದೇ ಹೊಳೆದಿರಲಿಲ್ಲ. ಮಾನ್ವಿಯಲ್ಲಿ ನೆಲಮಟ್ಟದ ಮನೆಯೊಂದು ಸಿಕ್ಕಿತ್ತು, ಅವ್ವನಿಗೂ ಹೇಳದೆ ವರ್ಗ ಕೇಳಿದ್ದೆ. ಆರ್ಡರ್ ನಿನ್ನೆ ಬಂತು. ಸೋಮವಾರ ಅಲ್ಲಿನ ಶಾಲೆಗೆ ಹಾಜರಾಗಬೇಕು.

"ಹೊಸ್ತಿಲಾ ಯಾರಿಗಿ ಅಡ್ಡ ಆಗಿತ್ತು?"

"ಕಾಲು ಎತ್ತಾಕ ಆಗಲಾರದವರಿಗಿ. ಒಳಗ ಬರ್ರಿ."

ಒಳಗೆ ಹೋಗಿ ಬೆಪ್ಪಾದೆ. ಬಚ್ಚಲಿನ ಗೋಡೆಗುಂಟ ಹಿಡಿದುಕೊಳ್ಳಲು ಕಬ್ಬಿಣದ ಪೈಪು. ಕಾಲು ಜಾರದಂತೆ ನುಣುಪು ಕಲ್ಲನ್ನು ಒರಟು ಮಾಡಿಸಿದ್ದಾರೆ. ಸಂಡಾಸಿನಲ್ಲಿ ಕುರ್ಚಿಯಂತೆ ಕೂರುವ ಕಮೋಡು. ಯಾರೋ ಮುದುಕರಿಗೆ ಬಾಡಿಗೆ ಕೊಟ್ಟು ಹೊರಟುಬಿಟ್ಟರೆಂದುಕೊಂಡೆ.

"ಯಾರ್ ಬರಾಕತ್ತಾರ?"

"ನೀವು. ಅವ್ವಾರೂ ನೀವೂ ಕೆಳಗ, ನಾ ಮ್ಯಾಲ. ಮನಿ ಅದಲು ಬದಲು. ಕಾಗದ ಬರಿಸೀನಿ, ಈ ಮನಿ ಅವ್ವಾರ ಹೆಸರಿಗೇ."

ಪೈಪನ್ನೊಮ್ಮೆ ಹಿಡಿದು ಅಲುಗಿಸಿ ನೋಡಿದೆ. ಆಮೇಲೆ ಕೇಳಿದೆ, "ಅವ್ವಗ ಗೊತ್ತದೇನು?"

"ಪೈಪಿನ ಎತ್ತರ ಹೇಳಿದವರೇ ಅವರು. ಹೊಸ್ತಿಲಾ ತೆಗಸು ಅಂದವರೂ ಅವರೇ."

ನಮ್ಮವ್ವ! ಹೊಸ್ತಿಲು ಪೂಜೆಯಾಗದೆ ಬಾಯಿಗೆ ನೀರು ಹಾಕದವಳು! ನಾನು ಶಾಲೆಗೆ ಹೋದಾಗ ಇವರಿಬ್ಬರೂ ಕೂತು ಇಷ್ಟೆಲ್ಲ ಮಾಡಿದ್ದಾರೆ.

"ನನ್ನ ಒಂದ್ ಮಾತು ಕೇಳಬೇಕು ಅನಿಸಲಿಲ್ಲೇನು?"

ಅವರ ಮುಖದ ನಗು ಹೋಯಿತು. "ನಿಮ್ಮನ್ನ ಕೇಳಬೇಕಾದ ಮಾತು ಬ್ಯಾರೇನೇ ಇತ್ತು. ಕೇಳಲಿಲ್ಲ."

"ಯಾಕ?"

"ಅಳಿಯನ ಮನ್ಯಾಗ ಒಂದ್ ದಿನಾನೂ ಇರಂಗಿಲ್ಲ ಅಂತ ಅವ್ವಾರು ಆಣಿ ಮಾಡ್ಯಾರ. ನಾ ನಿಮ್ಮನ್ನ ಕೇಳಿದ್ರ ಅವರು ಕೆಳಗ ಬರಂಗಿಲ್ಲ. ಅಂಗಳ ನೋಡಿ ಐದು ತಿಂಗಳಾತು ಅವರು. ನಾ ಸುಮ್ಮನಿದ್ರಾತು ಅಂದ್ಕೊಂಡೆ."

ಹೇಳದೇ ಬಿಟ್ಟ ಪ್ರೀತಿಗೆ ಇಷ್ಟು ಪೈಪು, ಇಷ್ಟು ಸಿಮೆಂಟು! ಅಳುವೂ ಬಂತು, ಸಿಟ್ಟೂ ಬಂತು. ಗೆದ್ದದ್ದು ಸಿಟ್ಟೇ.

"ಓವರ್ಸಿಯರ್ ಸಾಹೇಬ್ರ, ಕಾಲುವಿ ಅಳತಿ ಬರ್ತದ, ಇಷ್ಟು ತಿಳಿಯಂಗಿಲ್ಲೇನು? ಕಾಗದ ಆದ ಮ್ಯಾಲ ಇದು ಅವ್ವನ ಮನಿ. ಅಳಿಯನ ಮನಿ ಮ್ಯಾಲಿನದು."

"ಅಂದ್ರ?"

"ಅವ್ವ ಆಕಿ ಮನ್ಯಾಗ ಇರ್ತಾಳ. ನಾ ಮ್ಯಾಲ ಇರ್ತೀನಿ. ನಿಮ್ಮ ಕೂಡ."

ಸತ್ತಾರ್ ಸಾಬರ ಸುತ್ತಿಗೆ ನಿಂತಿತು. ನನಗೇ ನನ್ನ ಮಾತು ನಂಬಲಾಗಲಿಲ್ಲ. ಇನ್ನು ನಿಂತರೆ ಧೈರ್ಯ ಹೋಗುತ್ತದೆಂದು ಕೈ ಚಾಚಿದೆ.

"ಪೆನ್ನು ಕೊಡ್ರಿ. ಮಾನ್ವಿಗೆ ವರ್ಗ ಬ್ಯಾಡ ಅಂತ ಅರ್ಜಿ ಬರೀಬೇಕು."

"ಮಾನ್ವಿಗೆ?" ಅವರ ಮುಖ ಬಿಳಿಚಿತು. "ನೀವು ಹೊಂಟಿದ್ರೇನು? ನನಗ ಹೇಳದೇ?"

"ನೀವು ಹೇಳಿದ್ರೇನು?"

ಅವರು ಜೇಬಿನಿಂದ ಪೆನ್ನು ತೆಗೆದು ನನ್ನತ್ತ ಚಾಚಿದರು. ನಾನು ಪೆನ್ನಿನ ಜೊತೆಗೆ ಆ ಕೈಯನ್ನೂ ಹಿಡಿದುಕೊಂಡೆ.