ಸರ್ವರ್‌ಗೆ ಕಾಣದ ಪೆಟ್ಟಿಗೆ

ಸೋಮವಾರ ಬೆಳಿಗ್ಗೆ 10.20ಕ್ಕೆ ದರ್ಜಿಯೊಬ್ಬರು ಠಾಣೆಗೆ ಬಂದು ದೂರು ಕೊಟ್ಟರು. ಅವರ ಹೆಂಡತಿ ಹೊಟ್ಟೆಯ ಗಡ್ಡೆಯಿಂದ ಸತ್ತು ಹನ್ನೆರಡು ದಿನವಾಗಿತ್ತು. ಆರು ತಿಂಗಳ ಹಿಂದೆ ಆಕೆಗೆ ಸ್ಕ್ಯಾನ್ ಮಾಡಿಸಿದ್ದರು. ಆಸ್ಪತ್ರೆ ಕೊಟ್ಟ ವರದಿಯಲ್ಲಿ ಒಂದೇ ಸಾಲು: 'ಗಮನಾರ್ಹ ದೋಷ ಕಂಡುಬಂದಿಲ್ಲ.' ಈಗ ಆ ಸ್ಕ್ಯಾನ್ ಚಿತ್ರ ಕೇಳಿದರೆ ಇಲ್ಲವಂತೆ.

"ಚಿತ್ರ ಯಾಕೆ ಬೇಕು?" ಎಂದರು ಇನ್‌ಸ್ಪೆಕ್ಟರಮ್ಮ.

"ಮಗಳು ನನ್ನ ಜೊತೆ ಮಾತು ಬಿಟ್ಟಿದಾಳೆ ಮೇಡಂ. ಗಡ್ಡೆ ಆಮೇಲೆ ಬಂದದ್ದು, ನಿಮ್ಮಪ್ಪ ತಡ ಮಾಡಿದ್ರು ಅಂತ ಆಸ್ಪತ್ರೆಯವರು ಅವಳಿಗೆ ಹೇಳಿದಾರೆ. ನೀನೇ ಅಮ್ಮನ್ನ ಕೊಂದೆ ಅಂತಾಳೆ. ಅವತ್ತೇ ಇತ್ತೋ ಇಲ್ವೋ, ಅಷ್ಟು ಗೊತ್ತಾದ್ರೆ ಸಾಕು."

FIR ಬರೆದುಕೊಂಡು 11.45ಕ್ಕೆ ಆಸ್ಪತ್ರೆ ತಲುಪಿದರು. ಜೊತೆಗೆ ಸೈಬರ್ ವಿಭಾಗದ ತಜ್ಞೆ, ಮತ್ತೆ ಒಬ್ಬ ಕಾನ್‌ಸ್ಟೇಬಲ್. ಎಲ್ಲದಕ್ಕೂ ಗಂಟೆ ನಿಮಿಷ ಬರೆದಿಡುವ ಅವನನ್ನು ಠಾಣೆಯಲ್ಲಿ 'ಗಡಿಯಾರ' ಎಂದೇ ಕರೆಯುತ್ತಿದ್ದರು.

ಸ್ಕ್ಯಾನ್ ವಿಭಾಗದ ಮುಖ್ಯ ಡಾಕ್ಟರು ಕುರ್ಚಿಯಿಂದ ಏಳಲೂ ಇಲ್ಲ. "ಬುಧವಾರ ಹೊಸ ಸ್ಟೋರೇಜ್ ಪೆಟ್ಟಿಗೆ ಹಾಕಿದ್ವಿ. ಹಳೇ ಚಿತ್ರ ಎಲ್ಲ ಅದಕ್ಕೆ ಹೋಗಿವೆ. ಈಗ ಸರ್ವರ್ ಅದನ್ನ ಗುರುತಿಸ್ತಾನೇ ಇಲ್ಲ. ಯಂತ್ರ ಕೈಕೊಟ್ರೆ ನಾವೇನಮ್ಮಾ ಮಾಡೋಣ?" ಎಂದು ನಕ್ಕರು.

ಹನ್ನೆರಡು ದಿನದ ಸಾವಿನ ಮಾತು, ಈಯಪ್ಪನಿಗೆ ನಗು! ಇನ್‌ಸ್ಪೆಕ್ಟರಮ್ಮನಿಗೆ ಮೈಯೆಲ್ಲ ಉರಿಯಿತು. ಕಳ್ಳನಿಗೊಂದು ಪಿಳ್ಳೆ ನೆವ ಅಂತಾರಲ್ಲ, ಈ ಕಾಲಕ್ಕೆ ಅದು ಯಂತ್ರದ ನೆವ.

ಸರ್ವರ್ ಕೋಣೆ ಇನ್ನೂ ಹೇಸಿಗೆ. ಏಸಿಯಿಂದ ನೀರು ಸೋರಿ ಒದ್ದೆ ಗೋಣಿ ನಾರುತ್ತಿತ್ತು, ಮೂಲೆಯಲ್ಲಿ ಯಾರೋ ತಿಂದು ಬಿಟ್ಟ ಊಟದ ಡಬ್ಬಿಗೆ ಬೂಷ್ಟು ಹಿಡಿದಿತ್ತು. ಹೊಸ ಪೆಟ್ಟಿಗೆಯ ಹಸಿರು ದೀಪಗಳು ಮಾತ್ರ ಚೆನ್ನಾಗಿ ಉರಿಯುತ್ತಿದ್ದವು. ಅದರ ನೆತ್ತಿಗೆ ಒಂದು ಚೀಟಿ: ಅದನ್ನು ಜೋಡಿಸಿದ ಟೆಕ್ನಿಷಿಯನ್‌ನ ಪಾಸ್‌ವರ್ಡ್, ಕೆಳಗೆ 'ಡಿಸ್ಕ್ ಕಾಣದಿದ್ದರೆ ಪಟ್ಟಿಗೆ ಸರ್ವರ್ ಸಂಖ್ಯೆ ಸೇರಿಸಿ'.

ತಜ್ಞೆ ಹತ್ತು ನಿಮಿಷ ನೋಡಿದಳು. "ಪೆಟ್ಟಿಗೆಗೆ ಏನೂ ಆಗಿಲ್ಲ ಮೇಡಂ. ಯಾವ ಸರ್ವರ್‌ಗೆ ತನ್ನ ಡಿಸ್ಕ್ ತೋರಿಸಬೇಕು ಅಂತ ಇದರೊಳಗೆ ಒಂದು ಪಟ್ಟಿ ಇರುತ್ತೆ. ಅದರಲ್ಲಿ ಈ ಸರ್ವರ್ ಸಂಖ್ಯೆ ಇಲ್ಲ. ಕೇಬಲ್ ಎಷ್ಟು ಗಟ್ಟಿಯಾಗಿ ಸಿಕ್ಕಿಸಿದ್ರೂ ಕಾಣಲ್ಲ."

"ಸೇರಿಸೋಕೆ ಮರೆತ್ರಾ?"

"ಬುಧವಾರ ಸೇರಿಸಿದಾರೆ. ಶುಕ್ರವಾರ 4.05ಕ್ಕೆ ಯಾರೋ ತೆಗೆದಿದಾರೆ, ಟೆಕ್ನಿಷಿಯನ್ ಲಾಗಿನ್‌ನಲ್ಲಿ."

ಗಡಿಯಾರ ಕಡತ ತಿರುವಿದ. ಚಿತ್ರ ಕೊಡಿ ಎಂದು ದರ್ಜಿ ಕೊಟ್ಟ ಅರ್ಜಿಗೆ ಆಸ್ಪತ್ರೆಯ ಮೊಹರು ಬಿದ್ದದ್ದು ಅದೇ ಶುಕ್ರವಾರ 3.30ಕ್ಕೆ.

ಟೆಕ್ನಿಷಿಯನ್‌ಗೆ ಫೋನ್ ಹೋಯಿತು. ಗುರುವಾರದಿಂದ ಅವನು ಬೇರೆ ಊರಲ್ಲಿ ತಾಯಿಯ ಕಣ್ಣಿನ ಆಪರೇಷನ್‌ಗೆ ನಿಂತಿದ್ದ. ಅಲ್ಲಿನ ನರ್ಸ್ ಕೂಡ ಹೌದೆಂದರು.

"ಪಾಸ್‌ವರ್ಡ್ ಯಾಕ್ರೀ ಅಂಟಿಸಿದ್ರಿ?"

"ಎಲ್ಲರೂ ಹಾಗೇ ಮಾಡೋದು ಮೇಡಂ."

"ಥೂ!" ಎಂದು ಫೋನಿಟ್ಟರು.

"ಪಟ್ಟಿಯಿಂದ ತೆಗೆಯುವಾಗ ಕಾರಣ ಬರೆಯಲೇಬೇಕು, ಖಾಲಿ ಬಿಟ್ರೆ ಒಪ್ಪಲ್ಲ," ಎನ್ನುತ್ತ ತಜ್ಞೆ ಪರದೆ ತಿರುಗಿಸಿದಳು. "ಇದೇನು ಬರೆದಿದಾರೋ, ನನಗಂತೂ ಅರ್ಥ ಆಗಲಿಲ್ಲ."

ಕಾರಣ: 'ಗಮನಾರ್ಹ ದೋಷ ಕಂಡುಬಂದಿಲ್ಲ.'

ಇನ್‌ಸ್ಪೆಕ್ಟರಮ್ಮ ದರ್ಜಿಯ ವರದಿಯನ್ನು ಪರದೆಯ ಪಕ್ಕ ಹಿಡಿದರು. ಅದೇ ಸಾಲು, ಕೆಳಗೆ ಮುಖ್ಯ ಡಾಕ್ಟರ ಸಹಿ. ಖಾಲಿ ಜಾಗ ಕಂಡರೆ ಸಾಕು, ಡಾಕ್ಟರ ಬೆರಳು ತಾನಾಗಿ ಅದನ್ನೇ ಬರೆಯುತ್ತಿತ್ತು. ವರ್ಷಗಟ್ಟಲೆ ಬರೆದ ಅಭ್ಯಾಸ, ಬಚ್ಚಿಡುವಾಗಲೂ ಬಿಡಲಿಲ್ಲ. ಕಾರಿಡಾರ್ ಕ್ಯಾಮೆರಾದಲ್ಲಿ ಆತ 4.02ಕ್ಕೆ ಈ ಕೋಣೆಗೆ ಬಂದದ್ದೂ ಸಿಕ್ಕಿತು.

2.30ಕ್ಕೆ ಲಿಫ್ಟ್ ನಡೆಸುವವರನ್ನೂ ಔಷಧಿ ಅಂಗಡಿಯವರನ್ನೂ ಪಂಚರಾಗಿ ನಿಲ್ಲಿಸಿಕೊಂಡು ಪಂಚನಾಮೆ ಶುರುವಾಯಿತು. ತಜ್ಞೆ ಪಟ್ಟಿಗೆ ಸಂಖ್ಯೆ ಸೇರಿಸಿ, ಸರ್ವರ್‌ಗೆ ಮತ್ತೊಮ್ಮೆ ಹುಡುಕಲು ಹೇಳಿದಳು. ಅರೆಗಳಿಗೆಯಲ್ಲಿ ಡಿಸ್ಕ್ ಕಾಣಿಸಿಕೊಂಡಿತು. ದರ್ಜಿಯ ಹೆಂಡತಿಯ ಚಿತ್ರವೂ ತೆರೆದುಕೊಂಡಿತು.

"ಅಯ್ಯೋ, ನಿಂಬೆಹಣ್ಣಿನಷ್ಟಿದೆಯಲ್ಲ ಮೇಡಂ!" ಎಂದ ಗಡಿಯಾರ. "ಇದು ನನಗೇ ಕಾಣ್ತಿದೆ."

ಕೆಳಗೆ ದಾಖಲೆ ಇತ್ತು. ವರದಿಗೆ ಸಹಿ: ಆಗಿದೆ. ಅದಕ್ಕೂ ಮುಂಚೆ ಚಿತ್ರ ತೆರೆದದ್ದು: ಇಲ್ಲ. ನೋಡಿ ತಪ್ಪಿದ್ದರೆ ಮನುಷ್ಯ ಅನ್ನಬಹುದಿತ್ತು, ಈ ಪುಣ್ಯಾತ್ಮ ನೋಡಿಯೇ ಇರಲಿಲ್ಲ.

4.40ಕ್ಕೆ ಸಾಕ್ಷ್ಯ ಬಚ್ಚಿಟ್ಟ ಆರೋಪದ ಮೇಲೆ ಡಾಕ್ಟರ ಬಂಧನವಾಯಿತು. ಠಾಣೆಯಲ್ಲಿ ಆತ ನಗಲಿಲ್ಲ.

"ಯಾಕೆ ತೆಗೆದ್ರಿ?"

"ಒಂದು ಚಿತ್ರ ಹೊರಗೆ ಹೋದ್ರೆ ಉಳಿದವನ್ನೂ ತೆಗೆದು ನೋಡ್ತಾರೆ."

"ನೋಡದೇ ಸಹಿ ಹಾಕಿದ್ದು ಎಷ್ಟು?"

"ಮೊದಲು ಒಂದೆರಡು, ಬೇಗ ಮನೆಗೆ ಹೋಗೋಣ ಅಂತ. ಯಾರೂ ಕೇಳಲಿಲ್ಲ. ಆಮೇಲೆ... ಲೆಕ್ಕ ಇಟ್ಟಿಲ್ಲ."

ದರ್ಜಿ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದರು. ಇನ್‌ಸ್ಪೆಕ್ಟರಮ್ಮ ಹೋಗಿ ಪಕ್ಕದಲ್ಲೇ ಕೂತರು.

"ಅವತ್ತೇ ಇತ್ತಣ್ಣ."

ಆತ ಅಳಲಿಲ್ಲ. ಮಗಳ ನಂಬರ್ ಒತ್ತಿ ಫೋನ್ ಅವರ ಕೈಗೆ ಕೊಟ್ಟರು. "ನಾನು ಅಂದ್ರೆ ಇಟ್ಟುಬಿಡ್ತಾಳೆ. ನೀವೇ ಹೇಳಿ ಮೇಡಂ."

ಆ ಕಡೆ ಫೋನ್ ಎತ್ತಿದ ಸದ್ದಾಯಿತು.

"ಪೊಲೀಸ್ ಠಾಣೆಯಿಂದ ಮಾತಾಡ್ತಿದೀನಿ ಮಗಳೇ, ಇಡಬೇಡ. ನಿಮ್ಮಪ್ಪ ಅಮ್ಮನ್ನ ಸರಿಯಾದ ಹೊತ್ತಿಗೇ ಕರ್ಕೊಂಡು ಹೋಗಿದ್ರು. ನೋಡಬೇಕಾದವರು ನೋಡಲಿಲ್ಲ."

ಆ ಕಡೆಯಿಂದ ಸಣ್ಣ ದನಿ ಕೇಳಿತು: "ಅಪ್ಪ ಅಲ್ಲೇ ಇದಾರಾ?"